ಮನೆ ಹತ್ತಿರದ ಸರಕಾರಿ ಶಾಲೆ ನಿಮ್ಮ ಮಗುವಿಗೆ ಸರಿ ಹೋಗ್ತದಾ? ಯಾವುದನ್ನು ಮೊದಲು ನೋಡ್ಬೇಕು, ಯಾವುದನ್ನು ಆಮೇಲೆ

ಮೇ ಮೂರನೇ ವಾರ ಬಂತೂಂದ್ರೆ ನನಗೆ ಒಂದೇ ನಮೂನೆಯ ಫೋನು ಬರ್ಲಿಕ್ಕೆ ಶುರುವಾಗ್ತದೆ. ಶಾಲೆ ನೋಡಿ ಬಂದ್ವಿ, ಪೈಂಟ್ ಚಂದ ಉಂಟು, ಸ್ಮಾರ್ಟ್ ಟಿವಿ ಉಂಟು, ಆದ್ರೂ ಧೈರ್ಯ ಬರುದಿಲ್ಲ, ಎಂತ ಮಾಡುದು ಅಂತ. ಕ್ಲಾಸ್ ನಡೀವಾಗ ಹೋಗಿದ್ರಾ ಅಂತ ಕೇಳಿದ್ರೆ ಇಲ್ಲ, ರಜೆಯಲ್ಲಿ ಹೋದದ್ದು ಅಂತಾರೆ. ಬೀಗ ಹಾಕಿದ ಶಾಲೆಯಲ್ಲಿ ಕಾಣುದು ಗೋಡೆ ಮಾತ್ರ ಅಲ್ವಾ.

ನಾನೂ ದೊಡ್ಡ ಮಗನಿಗೆ ಹಾಗೇ ಮಾಡಿದ್ದು. ಸುರತ್ಕಲ್ ಕಡೆ ನಮ್ಮ ಮನೆ, ನಡ್ಕೊಂಡು ಹೋಗುವ ದೂರದಲ್ಲಿ ಶಾಲೆ, ಹೊಸ ಕ್ಲಾಸ್‌ರೂಂ ನೋಡಿ ಖುಷಿಯಾಗಿ ಸೇರಿಸಿಬಿಟ್ಟೆ, ಜುಲೈಯಲ್ಲಿ ಗೊತ್ತಾಯ್ತು ಅವನ ಟೀಚರನ್ನು ವಾರಕ್ಕೆ ಮೂರು ದಿನ ಬೇರೆ ಶಾಲೆಗೆ ನಿಯೋಜನೆ ಮಾಡಿದ್ದಾರೆ ಅಂತ, ಆ ಮೂರು ದಿನ ಐದೂ ಕ್ಲಾಸನ್ನು ಒಬ್ರೇ ನೋಡ್ತಿದ್ರು. ಮೂರನೇ ಕ್ಲಾಸಿಗೆ ಬಂದ್ರೂ ಅವನಿಗೆ ಒತ್ತಕ್ಷರ ಓದ್ಲಿಕ್ಕೆ ಬರ್ತಿರ್ಲಿಲ್ಲ. ಆ ಟೀಚರದ್ದು ತಪ್ಪಿಲ್ಲ, ನಾನು ಕೇಳ್ಬೇಕಾದ್ದನ್ನು ಕೇಳ್ಲಿಲ್ಲ. ಮಗಳಿಗೆ ನೋಡುವಾಗ ಕ್ರಮ ಬದಲಾಯಿಸಿದೆ, ಇನ್ನೊಂದು ಸರಕಾರಿ ಶಾಲೆಯೇ ಸಿಕ್ಕಿತು, ಅವಳು ಈಗ ಅಲ್ಲೇ ನಾಲ್ಕನೇ ಕ್ಲಾಸು. ಆ ಕ್ರಮವನ್ನೇ ಇಲ್ಲಿ ಬರೀತಿದ್ದೇನೆ. ಮಗು, ಟೀಚರ್ ಲೆಕ್ಕ, ದಾರಿ, ಕ್ಲಾಸು, ಇವು ನಾಲ್ಕು ಮೊದಲು. ಕಟ್ಟಡ, ಮೀಡಿಯಂ ಎಲ್ಲ ಆಮೇಲೆ.

ಯಾವಾಗ ಹೋಗ್ಬೇಕು, ಎಂತೆಲ್ಲ ಬೇಕು

ಜೂನಿಗೆ ಸೇರಿಸುದಾದ್ರೆ ಹಿಂದಿನ ನವೆಂಬರಿನಿಂದ ಫೆಬ್ರವರಿ ಒಳಗೆ ಕ್ಲಾಸ್ ನೋಡಿ ಮುಗಿಸಿ. ಮಾರ್ಚಲ್ಲಿ ಪರೀಕ್ಷೆ ಗಡಿಬಿಡಿ, ಏಪ್ರಿಲ್ ಎರಡನೇ ವಾರದಿಂದ ರಜೆ. ಸಾಧ್ಯ ಆದ್ರೆ ಅದಕ್ಕೂ ಮೊದಲು, ಜುಲೈಯ ಜೋರು ಮಳೆಗೆ ಒಂದು ಸಲ ಶಾಲೆ ಹತ್ತಿರ ಹೋಗಿ ಬನ್ನಿ. ನಮ್ಮ ಊರಿನ ಶಾಲೆಯ ನಿಜ ಸ್ಥಿತಿ ಆಗ ಕಾಣ್ತದೆ.

ಒಂದು ನೋಟ್ ಪುಸ್ತಕ, ಕೆಲಸದ ದಿನ ಎರಡು ಸಲ ಅರ್ಧ ದಿನ ರಜೆ, ಶಾಲೆಯ ಯುಡೈಸ್ ನಂಬ್ರ (ಪ್ರತಿ ಶಾಲೆಗೂ ಇರುವ ಗುರುತಿನ ನಂಬ್ರ), ಮತ್ತೆ ಕೈಯಲ್ಲಿ ಬರೆದ ಒಂದು ಓದುವ ಚೀಟಿ. ಚೀಟಿಯಲ್ಲಿ ಎಂತ ಬರೀಬೇಕು ಅಂತ ಹಂತ 4ರಲ್ಲಿ ಹೇಳ್ತೇನೆ.

ಹಂತ 1: ಮೊದಲು ನಿಮ್ಮ ಮಗುವನ್ನು ನೋಡಿ

ಎಲ್ಲರೂ ಇದನ್ನು ಹಾರಿಸಿಬಿಡ್ತಾರೆ. ಶಾಲೆ ಒಳ್ಳೇದಾ ಅಂತ ಕೇಳುವ ಮೊದಲು, ಯಾವ ಮಗುವಿಗೆ ಒಳ್ಳೇದಾ ಅಂತ ಕೇಳ್ಬೇಕು. ಮನೆಯಲ್ಲಿ ಮಾತಾಡುವ ಭಾಷೆ ಯಾವುದು ಬರೀರಿ. ತುಳು, ಬ್ಯಾರಿ, ಕೊಂಕಣಿ ಮಾತಾಡುವ ಮನೆಯ ಮಗುವಿಗೆ ಕನ್ನಡವೂ ಕಲಿಯುವ ಭಾಷೆಯೇ. ಸರಕಾರಿ ಶಾಲೆಯಲ್ಲಿ ಅಂಥ ಮಕ್ಕಳೇ ಜಾಸ್ತಿ ಇರುದರಿಂದ ಟೀಚರಿಗೆ ಅದು ಅಭ್ಯಾಸ ಉಂಟು, ತುಳುವಲ್ಲಿ ಹೇಳಿ ಕನ್ನಡಕ್ಕೆ ತಿರುಗಿಸ್ತಾರೆ. ಆದ್ರೆ ಬೇರೆ ಜಿಲ್ಲೆಯಿಂದ ಬಂದ ಟೀಚರಾದ್ರೆ ಮೊದಲ ಎರಡು ಮೂರು ತಿಂಗಳು ಅವರಿಗೂ ಮಗುವಿಗೂ ಕಷ್ಟ.

ಗಲಾಟೆಯಲ್ಲಿ ಮಗು ಸುಮ್ಮನಾಗ್ತದಾ, ಬೆರೀತದಾ ಅಂತಲೂ ಬರೀರಿ. ಇದು ಯಾಕೆಂದ್ರೆ ಹೆಚ್ಚಿನ ಶಾಲೆಗಳಲ್ಲಿ 1, 2, 3ನೇ ಕ್ಲಾಸು ಒಟ್ಟಿಗೆ ಕೂತು ಕಲಿಯುವ ನಲಿಕಲಿ. ಬೆಂಚಿಲ್ಲ, ನೆಲದಲ್ಲಿ ಗುಂಪು ಗುಂಪಾಗಿ ಕೂರ್ತಾರೆ, ಕಾರ್ಡು ತೆಗೀತಾರೆ, ಹಾಡ್ತಾರೆ, ಓಡಾಡ್ತಾರೆ. ದೊಡ್ಡ ಮಕ್ಕಳನ್ನು ನೋಡಿ ಕಲಿಯುವ ಮಗುವಿಗೆ ಇದು ಹಬ್ಬ. ಸದ್ದಾದ್ರೆ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಟೀಚರ್ ಹತ್ತಿರ ಮೊದಲೇ ಮಾತಾಡಿಡ್ಬೇಕು.

ಕಿವಿ, ಕಣ್ಣು, ಮಾತು, ನಡಿಗೆ ಇದರಲ್ಲಿ ಏನಾದ್ರೂ ತೊಂದರೆ ಇದ್ರೆ ಅಡಗಿಸಬೇಡಿ ದಯವಿಟ್ಟು. ವಿಶೇಷ ಅಗತ್ಯ ಇರುವ ಮಕ್ಕಳಿಗೆ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಅಂತ ಸಂಪನ್ಮೂಲ ಶಿಕ್ಷಕರು ಇರ್ತಾರೆ, ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಆಫೀಸಲ್ಲಿ ವಿಚಾರಿಸಿ. ಅವರು ನಿಮ್ಮ ಶಾಲೆಗೆ ತಿಂಗಳಿಗೆ ಎಷ್ಟು ಸಲ ಬರ್ತಾರೆ ಅಂತ ಕೇಳಿ ಬರೆದಿಡಿ.

ವಯಸ್ಸು: ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರ್ಬೇಕು. 2025-26ಕ್ಕೆ ಒಂದು ಸಲ 5 ವರ್ಷ 5 ತಿಂಗಳು ಅಂತ ಸಡಿಲ ಮಾಡಿದ್ರು, ಅದನ್ನು ನಂಬಿಕೊಂಡು ಈಗ ಲೆಕ್ಕ ಹಾಕಬೇಡಿ.

ಹಂತ 2: ಟೀಚರ್ ಲೆಕ್ಕ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡ್ತೇನೆ ಅಂತ ಇದ್ರೆ ಇದನ್ನು ಮಾಡಿ.

ಬೋರ್ಡ್ ಸರಿಯಾಗಿ ಓದಿ. ಸರಕಾರಿ ಕಿರಿಯ ಪ್ರಾಥಮಿಕ ಅಂದ್ರೆ 5ರವರೆಗೆ. ಹಿರಿಯ ಪ್ರಾಥಮಿಕ ಅಂದ್ರೆ 7 ಅಥವಾ 8ರವರೆಗೆ. ಹಳೆ ಬೋರ್ಡಲ್ಲಿ ದ.ಕ.ಜಿ.ಪಂ. (ದಕ್ಷಿಣ ಕನ್ನಡ ಜಿಲ್ಲಾ ಪಂಚಾಯತ್) ಅಂತ ಇದ್ರೂ ಅದು ಸರಕಾರಿ ಶಾಲೆಯೇ. ಅನುದಾನಿತ ಅಂತ ಇದ್ರೆ ಬೇರೆ, ಟೀಚರ ಸಂಬಳ ಸರಕಾರದ್ದು, ಆಡಳಿತ ನಡೆಸುದು ಖಾಸಗಿ ಮಂಡಳಿ. ದಕ್ಷಿಣ ಕನ್ನಡ, ಉಡುಪಿ ಈ ನಮ್ಮ ಎರಡು ಜಿಲ್ಲೆಯಲ್ಲಿ ಹಳೆ ಅನುದಾನಿತ ಶಾಲೆ ತುಂಬ ಇರುದರಿಂದ ಜನ ಎರಡನ್ನೂ ಒಂದೇ ಅಂತ ತಿಳ್ಕೊಳ್ತಾರೆ.

ಆಮೇಲೆ ಯುಡೈಸ್ ಪ್ಲಸ್ ವೆಬ್‌ಸೈಟಿನಲ್ಲಿ ನೋ ಯುವರ್ ಸ್ಕೂಲ್ ಅಂತ ಉಂಟು, 11 ಅಂಕೆಯ ನಂಬ್ರ ಹಾಕಿದ್ರೆ ಮಕ್ಕಳೆಷ್ಟು, ಟೀಚರೆಷ್ಟು, ಶೌಚಾಲಯ ಎಷ್ಟು ಎಲ್ಲ ಬರ್ತದೆ. ಅದು ಹಿಂದಿನ ವರ್ಷದ ಲೆಕ್ಕ, ಇವತ್ತಿನದ್ದಲ್ಲ. ಹಿಂದಿನ ಮೂರು ನಾಲ್ಕು ವರ್ಷದ ಮಕ್ಕಳ ಸಂಖ್ಯೆ ಸಾಲಾಗಿ ಬರ್ಕೊಳ್ಳಿ. ಏರ್ತಾ ಉಂಟಾ, ಇಳೀತಾ ಉಂಟಾ, ಅದೇ ಮುಖ್ಯ.

ಈಗ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ 1ರಿಂದ 5ನೇ ಕ್ಲಾಸಿಗೆ 60 ಮಕ್ಕಳ ತನಕ 2 ಟೀಚರ್, 61ರಿಂದ 90 ಆದ್ರೆ 3, 91ರಿಂದ 120 ಆದ್ರೆ 4. ಇದರಲ್ಲಿ ಜನರಿಗೆ ಗೊತ್ತಾಗದ ಒಂದು ವಿಷಯ ಉಂಟು. 30 ಮಕ್ಕಳಿಗೆ 2 ಟೀಚರ್ ಅಂದ್ರೆ 15 ಮಕ್ಕಳಿಗೆ ಒಬ್ರು, ಪ್ರೈವೇಟಲ್ಲಿ ಎಲ್ಲಿ ಉಂಟು ಅಂತ ಖುಷಿ ಪಡ್ತೇವೆ, ಆದ್ರೆ ಕ್ಲಾಸು ಐದು ಉಂಟು ಟೀಚರ್ ಇಬ್ರೇ, ಅಂದ್ರೆ ಒಬ್ರಿಗೆ ನಲಿಕಲಿ ಮೂರು ಕ್ಲಾಸು, ಇನ್ನೊಬ್ರಿಗೆ ನಾಲ್ಕು ಮತ್ತು ಐದು, ಅದರ ಮೇಲೆ ಹೆಡ್ ಮಾಷ್ಟ್ರ ಕೆಲಸ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಮೀಟಿಂಗ್. ಒಬ್ರು ರಜೆ ಹಾಕಿದ್ರೆ ಆ ದಿನ ಅದು ಏಕೋಪಾಧ್ಯಾಯ ಶಾಲೆ. ಹಾಗಾಗಿ ಮಕ್ಕಳನ್ನು ಟೀಚರಿಂದ ಭಾಗಿಸುದು ಬಿಡಿ, ಕ್ಲಾಸನ್ನು ಟೀಚರಿಂದ ಭಾಗಿಸಿ.

ಶಾಲೆಯಲ್ಲಿ ಕೇಳ್ಬೇಕಾದ ಪ್ರಶ್ನೆ ಇಷ್ಟು. ಖಾಯಂ ಎಷ್ಟು ಜನ, ಅತಿಥಿ ಶಿಕ್ಷಕರು ಎಷ್ಟು, ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಅಥವಾ ಹಳೆ ವಿದ್ಯಾರ್ಥಿ ಸಂಘ ಸಂಬಳ ಕೊಡುವ ಗೌರವ ಶಿಕ್ಷಕಿಯರು ಎಷ್ಟು? ಯಾರಾದ್ರೂ ಬೇರೆ ಶಾಲೆಗೆ ನಿಯೋಜನೆ ಮೇಲೆ ಹೋಗ್ತಿದ್ದಾರಾ? ಮುಂದಿನ ಎರಡು ವರ್ಷದಲ್ಲಿ ನಿವೃತ್ತಿ ಯಾರದ್ದು? ಗೌರವ ಶಿಕ್ಷಕಿಯರ ಸಂಬಳಕ್ಕೆ ದುಡ್ಡು ಎಲ್ಲಿಂದ, ಎಷ್ಟು ವರ್ಷಕ್ಕೆ ಉಂಟು? ನಮ್ಮ ಕಡೆ ಮುಂಬೈಯಲ್ಲೋ ಗಲ್ಫಲ್ಲೋ ಇರುವ ಹಳೆ ವಿದ್ಯಾರ್ಥಿಗಳು ಎಷ್ಟೋ ಶಾಲೆಯನ್ನು ಎತ್ತಿ ಹಿಡಿದಿದ್ದಾರೆ, ಆದ್ರೆ ಒಬ್ಬನೇ ದಾನಿಯ ಮೇಲೆ ನಿಂತದ್ದಾದ್ರೆ ಅವನು ಕೈಬಿಟ್ಟ ವರ್ಷ ಕ್ಲಾಸಿಗೆ ಜನ ಇಲ್ಲ.

ಎಚ್ಚರಿಕೆ ಗುರುತು: ಖಾಯಂ ಒಬ್ರೇ ಇದ್ದು, ಮಕ್ಕಳ ಸಂಖ್ಯೆ ಮೂರು ವರ್ಷದಿಂದ ಇಳೀತಾ ಇದ್ರೆ, ಉಳಿದದ್ದು ಎಷ್ಟು ಚಂದ ಇದ್ರೂ ಅಲ್ಲಿಗೆ ನಿಲ್ಲಿಸಿ, ಮುಂದಿನ ಹತ್ತಿರದ ಸರಕಾರಿ ಶಾಲೆ ನೋಡಿ. ಒಂದು ಶಾಲೆ ಆಗ್ಲಿಲ್ಲ ಅಂತ ಸೀದಾ ಪ್ರೈವೇಟಿಗೆ ಓಡುದು ದೊಡ್ಡ ತಪ್ಪು. ಎರಡು ಕಿಲೋಮೀಟರ್ ಆಚೆ ಐದು ಟೀಚರ್ ಇರುವ ಶಾಲೆ ಇರಬಹುದು.

ಹಂತ 3: ದಾರಿ ನಡೆದು ನೋಡಿ

ಬೆಳಿಗ್ಗೆ ಶಾಲೆಗೆ ಹೋಗುವ ಹೊತ್ತಿಗೆ, ಮಗುವಿನ ಕೈ ಹಿಡಿದು, ಮಗುವಿನ ಸ್ಪೀಡಲ್ಲಿ ನಡೀರಿ. ಬೈಕಲ್ಲಿ ಹೋಗಿ ದೂರ ಅಳೆದ್ರೆ ಎಂತದ್ದೂ ಗೊತ್ತಾಗುದಿಲ್ಲ. ಹೈವೇ 66 ದಾಟ್ಲಿಕ್ಕೆ ಉಂಟಾ, ಉಂಟಾದ್ರೆ ಎಲ್ಲಿ ದಾಟುದು, ಸರ್ವಿಸ್ ರೋಡಲ್ಲಿ ಎದುರಿಂದ ಬರುವ ಗಾಡಿ ಎಷ್ಟು, ನೋಡಿ.

ಹಳ್ಳಿ ಕಡೆಯಾದ್ರೆ ತೋಡು, ಅಂದ್ರೆ ಸಣ್ಣ ಹಳ್ಳ, ನೋಡಿ. ಜನವರಿಯಲ್ಲಿ ಒಣಗಿದ ತೋಡು ಜುಲೈಯಲ್ಲಿ ಮಗುವಿನ ಎತ್ತರಕ್ಕೆ ಹರೀತದೆ. ಬೈಂದೂರು ಕಡೆ 2022ರಲ್ಲಿ ಶಾಲೆಯಿಂದ ಬರ್ತಿದ್ದ ಪುಟ್ಟ ಮಗು ಕಾಲುಸಂಕದಿಂದ (ತೋಡು ದಾಟುವ ಸಪೂರ ಸೇತುವೆ) ಬಿದ್ದು ನೀರಲ್ಲಿ ಕೊಚ್ಚಿ ಹೋದದ್ದನ್ನು ನಾವು ಯಾರೂ ಮರೀಬಾರ್ದು. ದಾರಿಯಲ್ಲಿ ಕೈಹಿಡಿ ಇಲ್ಲದ ಕಾಲುಸಂಕ ಒಂದಿದ್ರೂ, ಮಳೆಗಾಲ ಇಡೀ ದೊಡ್ಡವರು ಕರ್ಕೊಂಡು ಹೋಗಿ ಬರ್ತಾರಾ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಿ. ಯಾರು, ಯಾವ ದಿನ ಅಂತ ಹೆಸರು ಹಾಕಿ ಬರೀರಿ. ನೋಡುವ ಅಂತ ಬಿಟ್ರೆ ಆಗುದಿಲ್ಲ.

ಹಂತ 4: ಕ್ಲಾಸ್ ಒಳಗೆ ಕೂರುದು

ಹೆಡ್ ಮಾಷ್ಟ್ರಿಗೆ ಅಥವಾ ಹೆಡ್ ಟೀಚರಿಗೆ ಎರಡು ದಿನ ಮೊದಲು ಫೋನ್ ಮಾಡಿ. ಇನ್‌ಸ್ಪೆಕ್ಷನ್‌ಗೆ ಬಂದವರ ಹಾಗೆ ಮಾತಾಡಬೇಡಿ. ನಾನು ಹೇಳಿದ್ದು ಹೀಗೆ: "ನಮಸ್ಕಾರ ಟೀಚರ್, ಬರುವ ವರ್ಷ ಮಗಳನ್ನು ಒಂದನೇ ಕ್ಲಾಸಿಗೆ ನಿಮ್ಮಲ್ಲಿ ಸೇರಿಸುವ ಅಂತ ಉಂಟು. ಒಂದು ದಿನ ಬಂದು ನಲಿಕಲಿಯಲ್ಲಿ ಹಿಂದೆ ಕೂತು ನೋಡಬಹುದಾ? ನಿಮಗೆ ಯಾವ ದಿನ ತೊಂದರೆ ಇಲ್ಲ ಹೇಳಿ." ಅವರು "ಬನ್ನಿ ಬನ್ನಿ, ಮಕ್ಕಳಿಗೂ ಖುಷಿ" ಅಂದ್ರು. ಮಕ್ಕಳು ಬೇಕು ಅಂತ ಇರುವ ಶಾಲೆ ಬೇಡ ಅನ್ನುದಿಲ್ಲ. ಅವತ್ತು ಬೇಡ, ಇನ್ನೊಂದು ದಿನ ಅಂದ್ರೆ ಸರಿ, ಕಾರಣ ಇರ್ತದೆ. ಮೂರು ಸಲ ಕೇಳಿದ್ರೂ ಒಳಗೆ ಬಿಡುದಿಲ್ಲ ಅಂದ್ರೆ ಅದನ್ನು ಪುಸ್ತಕದಲ್ಲಿ ಬರೀರಿ.

ಕನಿಷ್ಠ 40 ನಿಮಿಷ ಕೂರಿ. ಮೊದಲ ಹತ್ತು ನಿಮಿಷ ಲೆಕ್ಕಕ್ಕಿಲ್ಲ, ಮಕ್ಕಳೆಲ್ಲ ನಿಮ್ಮನ್ನೇ ನೋಡ್ತಿರ್ತಾರೆ. ಆಮೇಲೆ ಟೀಚರ್ ಹತ್ತಿರ ಕೂತ ಗುಂಪನ್ನು ಬಿಡಿ, ದೂರದ ಗುಂಪನ್ನು ನೋಡಿ. ನಲಿಕಲಿಯಲ್ಲಿ ಗುಂಪಿಗೆ ತಟ್ಟೆ ಅಂತ ಹೇಳ್ತಾರೆ, ಕೆಲವು ತಟ್ಟೆಗೆ ಟೀಚರ್ ಪೂರ್ತಿ ಹೇಳಿಕೊಡ್ತಾರೆ, ಕೆಲವರು ಒಟ್ಟಿನ ಮಕ್ಕಳಿಂದ ಕಲೀತಾರೆ, ಕೆಲವರು ತಮ್ಮಷ್ಟಕ್ಕೆ ಮಾಡ್ತಾರೆ. ತಮ್ಮಷ್ಟಕ್ಕೆ ಮಾಡುವ ತಟ್ಟೆಯಲ್ಲಿ ಮಕ್ಕಳ ಕೈಯಲ್ಲಿ ಕೆಲಸ ಇದ್ರೆ ಆ ಟೀಚರ್ ಕ್ಲಾಸನ್ನು ಹಿಡಿದಿದ್ದಾರೆ ಅಂತ ಅರ್ಥ. ಅಲ್ಲಿ ಮಕ್ಕಳು ಅರ್ಧ ಗಂಟೆ ಸುಮ್ಮನೆ ಕೂತಿದ್ರೆ ಅಥವಾ ಬೋರ್ಡಿಂದ ಬರೇ ನಕಲು ಮಾಡ್ತಿದ್ರೆ ಸಮಸ್ಯೆ ಉಂಟು. ಗೋಡೆಯಲ್ಲಿ ಕಲಿಕೆಯ ಮೆಟ್ಟಿಲು ತೋರಿಸುವ ಕಲಿಕಾ ಏಣಿ, ಯಾವ ಮಗು ಎಲ್ಲಿಗೆ ಬಂತು ಅಂತ ತೋರಿಸುವ ಪ್ರಗತಿ ನೋಟ ಇರ್ತದೆ, ಅದರಲ್ಲಿ ಈ ತಿಂಗಳ ಗುರುತು ಬಿದ್ದಿದೆಯಾ ನೋಡಿ. ಕಾರ್ಡುಗಳ ಮೂಲೆ ಸವೆದಿದೆಯಾ ನೋಡಿ, ಹೊಸದಾಗಿ ಮಿಂಚುವ ಕಾರ್ಡು ಅಂದ್ರೆ ಯಾರೂ ಮುಟ್ಟಿಲ್ಲ. ಸದ್ದು ಇದ್ರೆ ಹೆದರಬೇಡಿ, ಎಂತ ಸದ್ದು ಅಂತ ಕೇಳಿಸ್ಕೊಳ್ಳಿ.

ಈಗ ಓದುವ ಚೀಟಿ. ಟೀಚರ್ ಅನುಮತಿ ಕೇಳಿ, ಮೂರನೇ ಕ್ಲಾಸಿನ ಕೊನೆಯಲ್ಲಿರುವ ಅಥವಾ ನಾಲ್ಕನೇ ಕ್ಲಾಸಿನ ನಾಲ್ಕೈದು ಮಕ್ಕಳ ಹತ್ತಿರ ಓದಿಸಿ. ಟೀಚರ್ ಕರೆದು ಕೊಡುವ ಮಗು ಯಾವಾಗ್ಲೂ ಚುರುಕಿನದ್ದೇ, ಅದಕ್ಕೆ ಹಾಜರಿ ಪುಸ್ತಕದಲ್ಲಿ 3, 6, 9ನೇ ಹೆಸರು ಅಂತ ಕೇಳಿ. ನಾನು ಬರೆದದ್ದು ಇದು:

ಅಜ್ಜಿ ಹಿತ್ತಿಲಲ್ಲಿ ಬಸಳೆ ಚಪ್ಪರ ಹಾಕಿದ್ದಾರೆ. ಅಕ್ಕ ಕೊಡಪಾನದಲ್ಲಿ ನೀರು ತಂದು ಬುಡಕ್ಕೆ ಹಾಕುತ್ತಾಳೆ. ನಿನ್ನೆ ಒಂದು ಬೆಕ್ಕು ಚಪ್ಪರದ ಮೇಲೆ ಮಲಗಿತ್ತು. ಅಜ್ಜಿ ಕೋಲು ತೋರಿಸಿದರು. ಬೆಕ್ಕು ಕಣ್ಣು ಮುಚ್ಚಿಯೇ ಇತ್ತು.

ಓದಿದ ಮೇಲೆ ಕೇಳಿ, ಬೆಕ್ಕು ಓಡಿತಾ? ಇಲ್ಲ ಅಂತ ಹೇಳಿದ್ರೆ ಮಗುವಿಗೆ ಅರ್ಥ ಆಗಿದೆ. ತಟತಟ ಓದಿ ಓಡಿತು ಅಂತ ಹೇಳಿದ್ರೆ ಬಾಯಿಪಾಠದ ಓದು. ಒತ್ತಕ್ಷರ ಬಂದಲ್ಲೆಲ್ಲ ನಿಂತ್ರೆ, ಅಂದ್ರೆ ಹಿತ್ತಿಲು ಬದಲು ಹಿತಿಲು, ಬೆಕ್ಕು ಬದಲು ಬೆಕು ಅಂತ ಐದರಲ್ಲಿ ಮೂರು ಮಕ್ಕಳು ಓದಿದ್ರೆ, ನನ್ನ ಮಗನಿಗೆ ಆದದ್ದೇ ಅಲ್ಲೂ ಆಗ್ತಾ ಉಂಟು. ನಿಪುಣ್ ಭಾರತ ಅಂತ ಕೇಂದ್ರ ಸರಕಾರದ ಓದು-ಲೆಕ್ಕದ ಕಾರ್ಯಕ್ರಮದ ಗುರಿಯಲ್ಲಿ ಮೂರನೇ ಕ್ಲಾಸಿಗೆ ನಿಮಿಷಕ್ಕೆ 60 ಪದ ಅಂತ ಉಂಟು, ಆದ್ರೆ ಕನ್ನಡದ ಪದ ಉದ್ದ, ಆ ನಂಬ್ರ ಹಿಡ್ಕೊಂಡು ಸ್ಟಾಪ್‌ವಾಚ್ ಒತ್ತಬೇಡಿ. ಲೆಕ್ಕಕ್ಕೆ ಒಂದೇ ಪ್ರಶ್ನೆ ಸಾಕು, ಅಂಗಡಿಗೆ 100 ರೂಪಾಯಿ ಕೊಟ್ಟಿ, ಸಾಮಾನು 64 ಆಯ್ತು, ವಾಪಸ್ ಎಷ್ಟು?

ಒಂದು ಮಗು ತಪ್ಪು ಹೇಳಿದ್ರೆ ಮುಖ ಬಾಡಿಸಬೇಡಿ, ಚಂದ ಓದಿದಿ ಮಗಾ ಅಂತ ಹೇಳಿ ಕಳಿಸಿ. ಆ ಮಗು ನಿಮ್ಮ ಪರೀಕ್ಷೆಗೆ ಬಂದದ್ದಲ್ಲ. ಮತ್ತೆ ಹೊಸದಾಗಿ ಬೇರೆ ಜಿಲ್ಲೆಯಿಂದ ಕೆಲಸಕ್ಕೆ ಬಂದವರ ಮಕ್ಕಳು ವರ್ಷದ ಮಧ್ಯ ಸೇರಿದ್ದಿರ್ತಾರೆ, ಅವರು ಎಷ್ಟು ತಿಂಗಳಿಂದ ಇಲ್ಲಿದ್ದಾರೆ ಅಂತ ಕೇಳದೆ ಶಾಲೆಯನ್ನು ಅಳೀಬೇಡಿ.

ಹಂತ 5: ನೀರು, ಶೌಚಾಲಯ, ಮಾಡು (ಛಾವಣಿ), ಊಟ

ಶೌಚಾಲಯ ಮಧ್ಯಾಹ್ನ ಊಟದ ನಂತರ ನೋಡಿ, ಬೆಳಿಗ್ಗೆ ತೊಳೆದಿರ್ತಾರೆ. ಒಳಗೆ ನಳ್ಳಿಯಲ್ಲಿ ನೀರು ಬರ್ತದಾ, ಸಣ್ಣ ಮಗುವಿಗೆ ಚಿಲಕ ಸಿಗ್ತದಾ, ಹುಡುಗಿಯರದ್ದು ಬೇರೆ ಉಂಟಾ. ಬಾಗಿಲಿಗೆ ಬೀಗ ಹಾಕಿ ಕೀ ಸ್ಟಾಫ್ ರೂಮಲ್ಲಿ ಇದ್ರೆ ಅದು ಮಕ್ಕಳಿಗೆ ಇಲ್ಲದ ಹಾಗೆಯೇ.

ಹಂಚಿನ ಮಾಡಾದ್ರೆ ಹಂಚು ಹೊತ್ತ ಮರದ ಪಕ್ಕಾಸು, ರೀಪಿನಲ್ಲಿ ಗೆದ್ದಲು ಹಿಡಿದ ಗೆರೆ ನೋಡಿ, ಗೋಡೆಯಲ್ಲಿ ನೀರಿಳಿದ ಕಲೆ ನೋಡಿ. ಬಾವಿ ಇದ್ರೆ ಕಟ್ಟೆ ಮತ್ತು ಬಲೆ. ಮಾಡಿಗೆ ವಾಲಿದ ಮರ ಉಂಟಾ. ಕುಡಿಯುವ ನೀರು ಬಾವಿಯದ್ದಾ, ಫಿಲ್ಟರ್ ಉಂಟಾ, ಏಪ್ರಿಲಲ್ಲಿ ಬಾವಿ ಬತ್ತಿದ್ರೆ ಎಂತ ಮಾಡ್ತಾರೆ.

ಊಟ: ಮಂಗಳೂರು ಸಿಟಿಯ ಸುಮಾರು ಶಾಲೆಗಳಿಗೆ ಅಕ್ಷಯಪಾತ್ರದ ಅಡುಗೆಮನೆಯಿಂದ ಬರ್ತದೆ, ಹಳ್ಳಿ ಕಡೆ ಅಲ್ಲೇ ಬೇಯಿಸ್ತಾರೆ. ಪ್ರಾಥಮಿಕ ಕ್ಲಾಸಿನ ಮಗುವಿಗೆ ದಿನಕ್ಕೆ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಅಂತ ನಿಯಮ, ಹಾಲು ಬೇರೆ, ಮೊಟ್ಟೆ ಬೇರೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮಕ್ಕಳಿಗೆ ಬಡಿಸುವ ಮೊದಲು ಟೀಚರ್ ರುಚಿ ನೋಡಿ ಪುಸ್ತಕದಲ್ಲಿ ಬರೀಬೇಕು. ಟೀಚರೂ ಅದನ್ನೇ ಉಣ್ಣುವ ಶಾಲೆಯಾದ್ರೆ ನನಗೆ ಬೇರೆ ಪುರಾವೆ ಬೇಡ.

ಹಂತ 6: ಯಾರ ಹತ್ತಿರ ಮಾತಾಡ್ಬೇಕು

ನಿಮ್ಮ ಆಫೀಸಿನವರ ಹತ್ತಿರ ಕೇಳಬೇಡಿ, ಅವರ ಮಕ್ಕಳು ಅಲ್ಲಿ ಕಲೀತಿಲ್ಲ. ಸಂಜೆ ಗೇಟಿನ ಹತ್ತಿರ ನಿಂತ್ರೆ ಅಮ್ಮಂದಿರು ಸಿಗ್ತಾರೆ. ಐದನೇ ಕ್ಲಾಸಿನ ಮಗುವಿನ ಅಮ್ಮನ ಹತ್ತಿರ ಮೂರು ಪ್ರಶ್ನೆ ಸಾಕು: ಈ ವರ್ಷ ಟೀಚರ್ ಎಷ್ಟು ಸಲ ಬದಲಾದ್ರು, ಮಗುವಿಗೆ ಪೆಟ್ಟು ಬಿದ್ದದ್ದು ಉಂಟಾ, ನೀವು ದೂರು ಹೇಳಿದಾಗ ಎಂತ ಆಯ್ತು. ಮೂರನೇದರ ಉತ್ತರ ಎಲ್ಲಕ್ಕಿಂತ ಬೆಲೆಯದ್ದು. ಅಡುಗೆ ಅಕ್ಕನ ಹತ್ತಿರವೂ ಮಾತಾಡಿ, ಶಾಲೆಯ ಎಲ್ಲ ವಿಷಯ ಅವರಿಗೆ ಗೊತ್ತಿರ್ತದೆ.

ಎಸ್‌ಡಿಎಂಸಿ ಅಧ್ಯಕ್ಷರನ್ನು ನೋಡಿ, ಕೊನೆಯ ಮೀಟಿಂಗ್ ಯಾವಾಗ ಆಯ್ತು, ಎಂತ ಮಾತಾಡಿದ್ರು ಕೇಳಿ. ದಿನಾಂಕ ಹೇಳ್ಲಿಕ್ಕೆ ಆಗದ ಸಮಿತಿ ಅಂದ್ರೆ ಕಾಗದದಲ್ಲಿ ಮಾತ್ರ ಇರುವಂಥದ್ದು. ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡ್ಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅವರ ಫೋನ್ ನಂಬ್ರ ಸಿಕ್ಕಿದ್ರೆ ತೆಗೊಂಡಿಡಿ, ಮುಂದೆ ಬೇಕಾಗ್ತದೆ.

ಹಂತ 7: ಇಂಗ್ಲಿಷ್ ಪ್ರಶ್ನೆ

ಇದನ್ನು ಬೇಕೂಂತಲೇ ಇಷ್ಟು ಕೆಳಗೆ ಇಟ್ಟದ್ದು. ಇದರಿಂದ ಶುರು ಮಾಡಿದವರು ಮೇಲಿನ ಯಾವುದನ್ನೂ ನೋಡುದಿಲ್ಲ. ಕರ್ನಾಟಕದಲ್ಲಿ 2007-08ರಿಂದ ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ಒಂದು ವಿಷಯ. 2019-20ರಿಂದ ಕೆಲವು ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ವಿಭಾಗವೂ ಶುರುವಾಗಿದೆ, ನಿಮ್ಮ ಶಾಲೆಯಲ್ಲಿ ಉಂಟಾ ಅಂತ ಕೇಳಿ. ಉಂಟು ಅಂದ ಕೂಡ್ಲೆ ಖುಷಿಯಾಗಬೇಡಿ, ಅದಕ್ಕೆ ಬೇರೆ ಟೀಚರ್ ಇದ್ದಾರಾ ಅಥವಾ ಅದೇ ಇಬ್ರು ಎರಡೂ ಮೀಡಿಯಂ ಎಳೀತಿದ್ದಾರಾ ಅಂತ ಕೇಳಿ. ಎರಡನೇದಾದ್ರೆ ಎರಡೂ ಕಡೆಯ ಮಕ್ಕಳಿಗೆ ನಷ್ಟ.

ನನ್ನ ಅಭಿಪ್ರಾಯ ನೇರ ಹೇಳ್ತೇನೆ. ಯಾವ ಭಾಷೆಯಲ್ಲಾದ್ರೂ ಸರಿ, ಮಗು ಮೂರನೇ ಕ್ಲಾಸಿನ ಒಳಗೆ ಅರ್ಥ ಮಾಡ್ಕೊಂಡು ಓದ್ಲಿಕ್ಕೆ ಕಲೀಬೇಕು, ಒಂದರಲ್ಲಿ ಕಲಿತ ಮಗು ಇನ್ನೊಂದಕ್ಕೆ ಬೇಗ ಹೋಗ್ತದೆ. ಮನೆಯಲ್ಲಿ ದಿನಾ 15 ನಿಮಿಷ ಇಂಗ್ಲಿಷ್ ಕಥೆ ಓದಿ ಹೇಳ್ಲಿಕ್ಕೆ ನಿಮಗೆ ಆಗ್ತದೆ. ಕ್ಲಾಸಲ್ಲಿ ಟೀಚರ್ ಇಲ್ಲದ ಕೊರತೆ ತುಂಬಿಸ್ಲಿಕ್ಕೆ ನಿಮ್ಮಿಂದ ಆಗುದಿಲ್ಲ.

ಹಂತ 8: ಐದರ ನಂತರ, ಏಳರ ನಂತರ

ಕಿರಿಯ ಪ್ರಾಥಮಿಕವಾದ್ರೆ ಆರನೇ ಕ್ಲಾಸಿಗೆ ಎಲ್ಲಿ ಅಂತ ಈಗಲೇ ನೋಡಿ, ಆ ಶಾಲೆಯ ದಾರಿಯನ್ನೂ ನಡೆದು ನೋಡಿ. ದಕ್ಷಿಣ ಕನ್ನಡಕ್ಕೆ ಮುಡಿಪುವಿನಲ್ಲಿ, ಉಡುಪಿಗೆ ಚೇರ್ಕಾಡಿಯಲ್ಲಿ ನವೋದಯ (ಕೇಂದ್ರ ಸರಕಾರದ ವಸತಿ ಶಾಲೆ) ಉಂಟು, ಆರನೇ ಕ್ಲಾಸಿಗೆ ಐದರಲ್ಲಿರುವಾಗ ಪರೀಕ್ಷೆ. ಐದನೇ ಕ್ಲಾಸಿನವರಿಗೆ ಇದರ ಅರ್ಜಿ ಶಾಲೆಯಲ್ಲಿ ಹಾಕಿಸ್ತಾರಾ ಅಂತ ಕೇಳಿದ್ರೆ ಟೀಚರ್‌ಗಳ ಆಸಕ್ತಿಯೂ ಗೊತ್ತಾಗ್ತದೆ.

ಇನ್ನೊಂದು ವಿಷಯ ಜನ ಪಿಯುಸಿ ಮುಗಿದ ಮೇಲೆ ನೆನಪು ಮಾಡ್ಕೊಳ್ತಾರೆ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಸಿಗ್ಬೇಕಾದ್ರೆ 1ರಿಂದ 10ರವರೆಗೆ ಮೊದಲನೇದಕ್ಕೆ ಗ್ರಾಮೀಣ ಶಾಲೆಯಲ್ಲಿ, ಎರಡನೇದಕ್ಕೆ ಕನ್ನಡ ಮಾಧ್ಯಮದಲ್ಲಿ ಕಲಿತಿರ್ಬೇಕು. ಸುರತ್ಕಲ್ ನಮಗೆ ಊರಿನ ಹಾಗೆ ಕಂಡ್ರೂ ಕಾರ್ಪೊರೇಷನ್ ಒಳಗೆ. ಶಾಲೆ ಗ್ರಾಮ ಪಂಚಾಯತಿನದ್ದಾ, ನಗರದ್ದಾ ಅಂತ ಕೇಳಿ ಬರೆದಿಡಿ.

ಹಂತ 9: ತೀರ್ಮಾನ, ಸೇರಿಸುದು, ಮೊದಲ ಆರು ವಾರ

ಪುಸ್ತಕ ತೆಗೆದು ಎರಡು ಕಾಲಂ ಮಾಡಿ, ನಿಮ್ಮಿಂದ ಸರಿ ಮಾಡ್ಲಿಕ್ಕೆ ಆಗುವಂಥದ್ದು, ಆಗದ್ದು. ಫಿಲ್ಟರ್, ಚಿಲಕ, ಲೈಬ್ರರಿ ಪುಸ್ತಕ, ಆಟದ ಸಾಮಾನು, ಇದೆಲ್ಲ ಎಸ್‌ಡಿಎಂಸಿಗೆ ಸೇರಿ ಹತ್ತು ಜನ ಪೋಷಕರು ಒಟ್ಟಾದ್ರೆ ಒಂದು ವರ್ಷದಲ್ಲಿ ಆಗ್ತದೆ, ನಾವು ಮಾಡಿದ್ದೇವೆ. ಖಾಯಂ ಟೀಚರ್ ಇಲ್ಲ, ಮಕ್ಕಳಿಗೆ ಹೊಡೀತಾರೆ, ನಾಲ್ಕನೇ ಕ್ಲಾಸಿನವರಿಗೆ ಓದ್ಲಿಕ್ಕೆ ಬರುದಿಲ್ಲ, ಈ ಮೂರರಲ್ಲಿ ಒಂದಿದ್ರೂ ನಾನು ಬೇಡ ಅಂತೇನೆ.

ಸೇರಿಸ್ಲಿಕ್ಕೆ ಜನನ ಪ್ರಮಾಣಪತ್ರ, ಆಧಾರ್, ಫೋಟೋ, ಬೇಕಾದವರಿಗೆ ಜಾತಿ ಆದಾಯ ಪತ್ರ. ಜನನ ಪ್ರಮಾಣಪತ್ರ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ, ಮಗುವಿಗೆ ಟೆಸ್ಟ್ ಮಾಡುವ ಹಾಗೂ ಇಲ್ಲ. ಪಠ್ಯಪುಸ್ತಕ, ಸಮವಸ್ತ್ರ, ಶೂ ಶಾಲೆಯಿಂದಲೇ. ಸಮವಸ್ತ್ರ ಕೈಗೆ ಬರುವಾಗ ತಡ ಆಗುದುಂಟು, ಮಳೆಗೆ ಒಣಗುದೂ ಇಲ್ಲ, ಒಂದು ಜೊತೆ ಹೆಚ್ಚಿಗೆ ಹೊಲಿಸಿಡಿ.

ಸೇರಿಸಿದ ಮೇಲೆ ಮೊದಲ ಎರಡು ವಾರದ ಅಳು ಲೆಕ್ಕಕ್ಕಿಲ್ಲ, ಮಳೆ ರಜೆ ಬೇರೆ ಬಂದು ಅಭ್ಯಾಸ ತಪ್ತದೆ. ಆರನೇ ವಾರದಲ್ಲಿ ನೋಡಿ: ಮನೆಗೆ ಬಂದು ಶಾಲೆಯ ಹಾಡು ಹಾಡ್ತದಾ, ಒಬ್ಬ ಗೆಳೆಯನ ಹೆಸರು ಹೇಳ್ತದಾ, ಟೀಚರ್ ಹೆಸರು ಹೇಳುವಾಗ ಮುಖ ಹೇಗಿರ್ತದೆ. ನೀರಿನ ಬಾಟ್ಲಿ ದಿನಾ ತುಂಬಿಯೇ ವಾಪಸ್ ಬಂದ್ರೆ ಮಗು ಶೌಚಾಲಯಕ್ಕೆ ಹೆದರಿ ನೀರು ಕುಡೀತಿಲ್ಲ, ಮರುದಿನವೇ ಹೋಗಿ ಟೀಚರ್ ಹತ್ತಿರ ಮಾತಾಡಿ. ಅವರಿಂದ ಆಗದಿದ್ರೆ ಎಸ್‌ಡಿಎಂಸಿ, ಆಮೇಲೆ ಸಿಆರ್‌ಪಿ, ಕೊನೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು, ಬಾಯಲ್ಲಿ ಹೇಳಿದ್ದು ಸಾಲದು, ಬರೆದು ಕೊಟ್ಟು ಸೀಲ್ ಹಾಕಿದ ಪ್ರತಿ ತೆಗೊಳ್ಳಿ. ವರ್ಷದ ಮಧ್ಯದಲ್ಲಿ ಬೇರೆ ಶಾಲೆಗೆ ಹೋಗ್ಬೇಕಾದ್ರೂ ಟಿಸಿ ಕೊಡ್ಲೇಬೇಕು, ಸ್ಯಾಟ್ಸ್ ನಂಬ್ರ (ಪ್ರತಿ ವಿದ್ಯಾರ್ಥಿಗೆ ಇಲಾಖೆ ಕೊಡುವ ಗುರುತಿನ ನಂಬ್ರ) ಅದೇ ಮುಂದುವರೀತದೆ, ಆ ನಂಬ್ರ ಇವತ್ತೇ ಕೇಳಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.